ತಲೆಗೊಂದು, ಕಾಲಿಗೊಂದು, ಇಂಗ್ಲಿಷಿಗೆ ಒಂದೇ

ಹೋ ಚಿ ಮಿನ್ ನಗರದಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಟ ಹೆಂಗಸು ಸ್ಕೂಟರ್ ಹತ್ತುವ ಮುಂಚೆ ಏನೇನು ಸಿದ್ಧತೆ ಮಾಡಿಕೊಳ್ಳುತ್ತಾಳೆ ನೋಡಿ. ಮೊದಲು ಬಿಸಿಲಿಗೆಂದೇ ಇರುವ, ತೋಳು ಅಂಗೈವರೆಗೂ ಇಳಿಯುವ ಮೇಲಂಗಿ. ಆಮೇಲೆ ಮುಖಕ್ಕೆ ಬಟ್ಟೆಯ ಮಾಸ್ಕ್, ಕಣ್ಣಿಗೆ ಕಪ್ಪು ಕನ್ನಡಕ. ಹೆಬ್ಬೆರಳು ಬೇರೆಯಾಗಿ ನಿಲ್ಲುವಂಥ ಕಾಲುಚೀಲ, ಅದರ ಮೇಲೆ ಚಪ್ಪಲಿ. ಕೊನೆಗೆ ಹೆಲ್ಮೆಟ್. 2007ರ ಡಿಸೆಂಬರ್ 15ರಿಂದ ವಿಯೆಟ್ನಾಮಿನ ಎಲ್ಲ ರಸ್ತೆಗಳಲ್ಲೂ ಬೈಕು, ಸ್ಕೂಟರಿನವರಿಗೆ ಹೆಲ್ಮೆಟ್ ಕಡ್ಡಾಯ. ಇಷ್ಟೆಲ್ಲ ಹೇಳಲು ಇಂಗ್ಲಿಷಿಗೆ ‘ವೇರ್’ ಎಂಬ ಒಂದೇ ಕ್ರಿಯಾಪದ ಸಾಕು. ಆಕೆಯ ಮಾತಿನಲ್ಲಿ ಅಂಗಿಗೆ ‘ಮಕ್’, ಮಾಸ್ಕಿಗೂ ಕನ್ನಡಕಕ್ಕೂ ‘ದೆವ್’, ಕಾಲುಚೀಲ ಚಪ್ಪಲಿಗಳಿಗೆ ‘ಮಾಂಗ್’, ಹೆಲ್ಮೆಟ್ಟಿಗೆ ‘ದೊಯ್’. ವಿಯೆಟ್ನಾಮಿ ಸ್ವರಗಳ ಏರಿಳಿತ ನಮ್ಮ ಲಿಪಿಗೆ ದಕ್ಕುವುದಿಲ್ಲ, ಹಾಗಾಗಿ ಇವು ಹತ್ತಿರದ ಉಚ್ಚಾರಗಳು.

ಈ ಹೆಂಗಸಾಗಲಿ, ಆಕೆಯ ಮಗಳಾಗಲಿ ಇಂಗ್ಲಿಷ್ ಕಲಿಯಲು ಕುಳಿತರೆ ‘ವೇರ್’ ಮೊದಲ ಕೆಲವು ಪಾಠಗಳಲ್ಲೇ ಎದುರಾಗುತ್ತದೆ. ನಾಲ್ಕಾರು ಪದಗಳ ಬದಲು ಒಂದೇ ಪದವಾದ್ದರಿಂದ ಕಲಿಕೆ ಸುಲಭ ಎನ್ನಿಸಬಹುದು. ಸುಲಭವಲ್ಲ. ಯಾಕೆ ಅಲ್ಲ ಎನ್ನುವುದನ್ನು ತಿಳಿಯಲು ಅವರು ಯಾವ ಪದಗಳನ್ನು ಬಿಟ್ಟು ಬರುತ್ತಿದ್ದಾರೆ ಎಂದು ಮೊದಲು ನೋಡಬೇಕು.

‘ದೊಯ್’ ಎಂದರೆ ತಲೆಯ ಮೇಲೆ ಹೊರು. ಹುಲ್ಲಿನ ಟೋಪಿಗೂ ಅದೇ, ಸಂತೆಗೆ ಹೊತ್ತೊಯ್ಯುವ ಬುಟ್ಟಿಗೂ ಅದೇ. ತಾಳೆಗರಿಯಂಥ ಎಲೆಯಿಂದ ಹೆಣೆದ ಶಂಕುವಿನಾಕಾರದ ‘ನೋನ್’ ಅವರಿಗೆ ತಲೆಯ ಅಲಂಕಾರ ಮಾತ್ರ ಅಲ್ಲ, ಗದ್ದೆಯ ಬಿಸಿಲು ಮಳೆಗಳನ್ನು ತಡೆಯುವ ಸೂರು, ಆದ್ದರಿಂದ ಅದನ್ನು ಹೊರುವುದೇ ಸರಿ. ಯಾರಿಗಾದರೂ ಆಳವಾಗಿ ಋಣಿಯಾದಾಗ ಆ ಉಪಕಾರವನ್ನೂ ತಲೆಯ ಮೇಲೆ ‘ದೊಯ್’ ಮಾಡುತ್ತಾರೆ. ನಾವು ‘ಶಿರಸಾವಹಿಸಿ’ ಎನ್ನುತ್ತೇವಲ್ಲ, ಆ ತಲೆಯೇ ಇಲ್ಲೂ ಇದೆ. ಬದ್ಧವೈರಿಗಳು ‘ಒಂದೇ ಆಕಾಶವನ್ನು ತಲೆಯ ಮೇಲೆ ಹೊರದವರು’. ಟೋಪಿ ಇಡುವ ಕ್ರಿಯಾಪದದಿಂದಲೇ ಹುಟ್ಟಿದ ಮಾತು ಇದು.

‘ದೆವ್’ ಎಂದರೆ ಮೈಗೆ ತೂಗಿಬೀಳುವುದು, ಅಂಟಿಕೊಳ್ಳುವುದು. ವಾಲೆ, ಸರ, ಗಡಿಯಾರ, ಕನ್ನಡಕ, ಬೆನ್ನಿನ ಚೀಲ ಎಲ್ಲ ಇದರ ಪಾಲು. ಬಿಡದೆ ಬೆನ್ನಿಗೆ ಬಿದ್ದ ಬಡತನಕ್ಕೂ ಕಾಯಿಲೆಗೂ ಇದೇ ಪದದ ಮುಂದುವರಿಕೆ ಬಳಕೆಯಲ್ಲಿದೆ. ಕಾಲಿನ ವಿಷಯಕ್ಕೆ ಬಂದರೆ ದೇಶವೇ ಎರಡಾಗುತ್ತದೆ. ಉತ್ತರದ ಹನೋಯಿಯವರು ಶೂಸಿಗೆ ‘ದಿ’ ಎನ್ನುತ್ತಾರೆ. ‘ಹೋಗು’ ಎನ್ನುವುದಕ್ಕೂ ಅದೇ ಪದ. ದಕ್ಷಿಣದವರ ‘ಮಾಂಗ್’ಗೆ ಹೊತ್ತು ತರು ಎಂಬ ಅರ್ಥ. ಬಸುರಿಯಾಗುವುದಕ್ಕೂ, ಹೆಸರು ಹೊಂದುವುದಕ್ಕೂ ‘ಮಾಂಗ್’. ಟೈಗೆ ಬಿಗಿದು ಕಟ್ಟುವ ‘ಥಟ್’, ಕೊರಳವಸ್ತ್ರಕ್ಕೆ ಬಳಸಿ ಹಾಕುವ ‘ಕ್ವಾಂಗ್’. ಯುರೋಪಿನ ಜಾನಪದ ಕಥೆಯ ಕೆಂಪು ಟೋಪಿಯ ಪುಟ್ಟ ಹುಡುಗಿ ವಿಯೆಟ್ನಾಮಿಗೆ ಬಂದಾಗ ‘ಕ್ವಾಂಗ್’ ಮಾಡುವವಳಾದಳು. ಅಲ್ಲಿನ ಮಕ್ಕಳ ಪಾಲಿಗೆ ಅವಳು ಕೆಂಪು ಕೊರಳವಸ್ತ್ರ ಸುತ್ತಿದ ಹುಡುಗಿ. ಶಾಲೆಯಲ್ಲಿ ತಾವೂ ಕೆಂಪು ಕೊರಳವಸ್ತ್ರ ಕಟ್ಟುವ ಮಕ್ಕಳಿಗೆ ಆಕೆ ಪರಕೀಯಳೆನಿಸಲು ಕಾರಣವೇ ಇಲ್ಲ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ‘ಅನ್ ಮಕ್’ ಎಂಬ ಜೋಡಿ. ‘ಅನ್’ ಎಂದರೆ ಉಣ್ಣು, ‘ಮಕ್’ ಎಂದರೆ ಉಡು. ಎರಡೂ ಸೇರಿದರೆ ‘ಉಡುಪು ತೊಟ್ಟು ಸಿದ್ಧವಾಗು’ ಎಂಬ ಅರ್ಥ. ಚೆನ್ನಾಗಿ ಉಡುಪು ತೊಟ್ಟವಳನ್ನು ‘ಚೆಂದ ಉಂಡುಟ್ಟಿದ್ದಾಳೆ’ ಎಂದು ಹೊಗಳುತ್ತಾರೆ. ಉಣ್ಣಲು ಉಡಲು ಕೊರತೆಯಿಲ್ಲ ಎನ್ನುವ ಕನ್ನಡಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಣ್ಣುವುದು ತನಗಾಗಿ, ಉಡುವುದು ಪರರಿಗಾಗಿ ಎಂಬ ಗಾದೆಯೂ ಅವರಲ್ಲಿದೆ. ನಮ್ಮ ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ಯೇ ಅದು. ಸೀರೆ ಉಟ್ಟು, ರವಿಕೆ ತೊಟ್ಟು, ಹೂ ಮುಡಿದು, ಕುಂಕುಮ ಇಟ್ಟು, ಶಾಲು ಹೊದ್ದು, ಚಪ್ಪಲಿ ಮೆಟ್ಟಿ ಹೊರಡುವ ಭಾಷೆ ನಮ್ಮದು. ಈ ಎಲ್ಲ ಕ್ರಿಯಾಪದಗಳ ಜಾಗದಲ್ಲಿ ಈಗ ‘ಹಾಕಿಕೊಳ್ಳು’ ಬಂದು ಕೂರುತ್ತಿರುವುದನ್ನು ಕೇಳಿದರೆ ನನಗೆ ಬೇಸರವಾಗುತ್ತದೆ. ವಿಯೆಟ್ನಾಮಿಗರು ತಮ್ಮವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ಹಾಗಾದರೆ ‘ವೇರ್’ ಕಲಿಯುವವರು ಮೊದಲು ಮಾಡಬೇಕಾದದ್ದು ಮೈಯ ಯಾವ ಭಾಗ ಎಂದು ಕೇಳುವುದನ್ನು ಬಿಡುವುದು. ಇದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಕಷ್ಟ ಶುರುವಾಗುವುದು ಆಮೇಲೆ. ಇಂಗ್ಲಿಷ್ ಮೈಯನ್ನು ಕೇಳದಿದ್ದರೂ ಹೊತ್ತನ್ನು ಕೇಳುತ್ತದೆ. ಬಟ್ಟೆ ಮೈಮೇಲೆ ಏರುತ್ತಿದೆಯೋ, ಆಗಲೇ ಏರಿ ಕುಳಿತಿದೆಯೋ? ಏರುತ್ತಿದ್ದರೆ ‘ಪುಟ್ ಆನ್’, ಏರಿದ್ದರೆ ‘ವೇರ್’. ‘ಮಕ್’ ಎರಡಕ್ಕೂ ಸಲ್ಲುತ್ತದೆ. ಒತ್ತಿ ಹೇಳಬೇಕಾದರೆ ಒಳಮುಖದ ಒಂದು ಪದವನ್ನು ಹಿಂದೆ ಸೇರಿಸುತ್ತಾರೆ. ಹೀಗಾಗಿ ಬಾಗಿಲಲ್ಲಿ ಕುಳಿತು ಲೇಸ್ ಕಟ್ಟುತ್ತಿರುವ ವಿಯೆಟ್ನಾಮಿ ವಿದ್ಯಾರ್ಥಿ ‘ಐ ಆಮ್ ವೇರಿಂಗ್ ಮೈ ಶೂಸ್, ಒಂದು ನಿಮಿಷ’ ಎನ್ನುತ್ತಾನೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲೂ ಇದೇ ವಾಕ್ಯ ಕೇಳುತ್ತದೆ. ನಮಗೆ ‘ಉಡುತ್ತಿದ್ದಾಳೆ’, ‘ಉಟ್ಟಿದ್ದಾಳೆ’ ಎಂಬ ವ್ಯತ್ಯಾಸ ಗಟ್ಟಿಯಾಗಿಯೇ ಇದೆ. ಆದರೆ ಅದನ್ನು ಒಂದೇ ಧಾತುವಿನ ರೂಪದಿಂದ ತೋರಿಸುತ್ತೇವೆ, ಇಂಗ್ಲಿಷಿನವರು ಪದವನ್ನೇ ಬದಲಿಸುತ್ತಾರೆ. ಹಾಗಾಗಿ ‘ಉಟ್ಟಿದ್ದಾಳೆ’ಗೆ ‘ಷಿ ಈಸ್ ವೇರಿಂಗ್’ ಎಂದು ಒಪ್ಪಿಕೊಳ್ಳಲು ಕನ್ನಡದ ಕಿವಿಗೂ ಸ್ವಲ್ಪ ಕಾಲ ಬೇಕಾಗುತ್ತದೆ.

ಮುಂದಿನ ತೊಡಕು ರೂಪಗಳದ್ದು. ವಿಯೆಟ್ನಾಮಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗುವುದೇ ಇಲ್ಲ. ಮುಂದೆ ಒಂದು ಸಣ್ಣ ಪದ ನಿಂತರೆ ಭೂತ, ಇನ್ನೊಂದು ನಿಂತರೆ ಭವಿಷ್ಯ. ಅಂಥವರಿಗೆ ‘ವೇರ್, ವೋರ್, ವೋರ್ನ್’ ಎಂಬ ಮೂರು ಮುಖಗಳು. ಮೂಲದಲ್ಲಿ ಇದು ಇಷ್ಟು ವಕ್ರವಾಗಿರಲಿಲ್ಲ. ಹಳೆಯ ಇಂಗ್ಲಿಷಿನ ‘ವೆರಿಯನ್’ಗೆ ಸಾಧಾರಣ ಪ್ರತ್ಯಯ ಹತ್ತಿಯೇ ಭೂತಕಾಲ ಆಗುತ್ತಿತ್ತು. ಮಧ್ಯಯುಗದಲ್ಲಿ ‘ಬೇರ್’, ‘ಟೇರ್’ಗಳ ಪ್ರಾಸಕ್ಕೆ ಸಿಕ್ಕಿ ಇದೂ ‘ವೋರ್’ ಆಯಿತು. ಇನ್ನೂ ಹಿಂದೆ ಹೋದರೆ ಗಾಥಿಕ್ ಭಾಷೆಯಲ್ಲಿ ಇದರ ನಂಟಿನ ಪದ ‘ವಸ್ಯನ್’. ಲ್ಯಾಟಿನಿನ ‘ವೆಸ್ಟಿಸ್’, ಸಂಸ್ಕೃತದ ‘ವಸ್’ ಧಾತು, ನಾವು ದಿನವೂ ಬಳಸುವ ‘ವಸ್ತ್ರ’ ಎಲ್ಲ ಒಂದೇ ಬೇರಿನವು. ಇಂಗ್ಲಿಷಿನಂಥ ಜರ್ಮ್ಯಾನಿಕ್ ನಾಲಿಗೆಗಳಲ್ಲಿ ಸಕಾರ ಮೆತ್ತಗಾಗಿ ರೇಫಕ್ಕೆ ತಿರುಗಿತು, ಅಷ್ಟೆ. ‘ವೇರ್’ ಎನ್ನುವಾಗ ಕನ್ನಡಿಗ ಸಂಸ್ಕೃತದಿಂದ ಬಂದ ತನ್ನದೇ ಪದದ ದೂರದ ದಾಯಾದಿಯನ್ನು ಉಚ್ಚರಿಸುತ್ತಿರುತ್ತಾನೆ. ವಿಯೆಟ್ನಾಮಿಗರಿಗೆ ಆ ನಂಟಿಲ್ಲ. ಅವರ ಭಾಷೆ ಆಸ್ಟ್ರೋ-ಏಷ್ಯಾಟಿಕ್ ಕುಟುಂಬದ್ದು, ಖ್ಮೇರ್‌ನ, ನಮ್ಮ ದೇಶದ ಖಾಸಿ ಮುಂಡಾರಿಗಳ ಕಡೆಯದು.

ಇನ್ನು ಪದದ ಇನ್ನೊಂದು ಅರ್ಥ. ‘ವೋರ್ನ್ ಶರ್ಟ್’ ಎಂದರೆ ತೊಟ್ಟ ಅಂಗಿ ಎಂದು ಮಾತ್ರ ತಿಳಿದರೆ ಸಾಲದು, ಅದು ತೊಟ್ಟು ತೊಟ್ಟು ಹಳತಾದ ಅಂಗಿ. ಉಡುವುದು ಮತ್ತು ಸವೆಯುವುದು ಒಂದೇ ಪದದಲ್ಲಿ ಹೇಗೆ ಕೂಡಿದವು ಎಂಬ ಪ್ರಶ್ನೆಗೆ ಬಟ್ಟೆಯೇ ಉತ್ತರ. ದಿನವೂ ಮೈಮೇಲಿದ್ದದ್ದು ತಾನಾಗಿ ತೆಳುವಾಗುತ್ತದೆ. ಹದಿಮೂರನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನವರು ಆ ತೆಳುವಾಗುವಿಕೆಗೂ ಅದೇ ಪದ ಬಳಸಿದರು. ಅಲ್ಲಿಂದ ಅದು ಬಟ್ಟೆಯನ್ನು ಬಿಟ್ಟು ಕಲ್ಲಿಗೆ, ಹಾದಿಗೆ, ತಾಳ್ಮೆಗೆ, ಔಷಧದ ಗುಣಕ್ಕೆ, ಸಾಗುತ್ತಾ ಹೋಗುವ ಸಂಜೆಗೆ ಹರಡಿತು. ‘ವೇರ್ ಔಟ್’, ‘ವೇರ್ ಆಫ್’, ‘ವೇರ್ ಡೌನ್’, ‘ವೇರ್ ಆನ್’ಗಳನ್ನು ಬೇರೆ ಬೇರೆ ನಾಲ್ಕು ನುಡಿಗಟ್ಟುಗಳೆಂದು ಬಾಯಿಪಾಠ ಮಾಡಿಸುವ ಪುಸ್ತಕಗಳು ವಿದ್ಯಾರ್ಥಿಯ ಶ್ರಮವನ್ನು ವ್ಯರ್ಥ ಮಾಡುತ್ತವೆ. ಸವೆದ ಅಂಗಿಯ ಮೊಣಕೈಯೊಂದನ್ನು ತೋರಿಸಿದರೆ ಹೆಚ್ಚಿನವು ತಾವಾಗಿ ಅರ್ಥವಾಗುತ್ತವೆ.

ವಿಯೆಟ್ನಾಮಿ ಮೇಷ್ಟರಿಗೆ ಇಲ್ಲಿ ಇನ್ನೂ ಒಳ್ಳೆಯ ಅನುಕೂಲವಿದೆ. ಸವೆಯುವುದಕ್ಕೆ ಅವರ ಪದ ‘ಮೊನ್’. ಹರಿವ ನೀರಿಗೆ ಕಲ್ಲೂ ಸವೆಯುತ್ತದೆ ಎಂಬ ಗಾದೆಯಲ್ಲಿ ಅದು ಎಲ್ಲರಿಗೂ ಗೊತ್ತು. ಅದೇ ಪದ ‘ಮೊನ್ ಮೊಯ್’ ಎಂದು ಜೋಡಿಯಾದಾಗ ಕಾದು ಕಾದು ಬಸವಳಿದ ಮನಸ್ಸಿನ ಸ್ಥಿತಿಯಾಗುತ್ತದೆ. ಯಾರನ್ನೋ ಎದುರುನೋಡುತ್ತಾ ಜೀವ ಕಲ್ಲಿನಂತೆ ಸವೆಯುವುದನ್ನು ಅವರು ಬಲ್ಲರು, ಹೇಳಲೂ ಬಲ್ಲರು. ‘ಐ ಆಮ್ ವೋರ್ನ್ ಔಟ್’ ಎಂಬುದನ್ನು ‘ತುಂಬಾ ಸುಸ್ತಾಗಿದೆ’ ಎಂದು ಅನುವಾದಿಸಿ ಮುಗಿಸುವುದಕ್ಕಿಂತ ಈ ‘ಮೊನ್’ ಅನ್ನು ಪಕ್ಕದಲ್ಲಿಟ್ಟು ಕಲಿಸಿದರೆ ಪದ ಒಳಗಿಳಿಯುತ್ತದೆ. ಒಂದು ಎಚ್ಚರ: ದಣಿದ ಎನ್ನುವ ‘ವಿಯರಿ’ ನೋಡಲು ‘ವೇರ್’ನ ಮಗಳಂತಿದ್ದರೂ ಅದರ ಹುಟ್ಟು ಬೇರೆ. ಸರಕು ಎನ್ನುವ ‘ವೇರ್’ ಕೂಡ ಬೇರೆಯೇ, ‘ಹಾರ್ಡ್‌ವೇರ್’, ‘ಸಾಫ್ಟ್‌ವೇರ್’ಗಳು ಅದರ ಸಂತಾನ. ‘ಎಲ್ಲಿ’ ಎನ್ನುವ ‘ವೇರ್’ ಈಗ ಬಹುತೇಕರ ಬಾಯಲ್ಲಿ ಇವೆರಡರಂತೆಯೇ ಕೇಳುತ್ತದೆ. ಆಲಿಸಿ ಬರೆಯುವ ಪರೀಕ್ಷೆಯಲ್ಲಿ ವಾಕ್ಯದ ನೆರವೇ ಗತಿ.

ಇಂಗ್ಲಿಷಿನವರು ಗಡ್ಡವನ್ನೂ, ನಗುವನ್ನೂ ‘ವೇರ್’ ಮಾಡುತ್ತಾರೆ. ಇದನ್ನು ಅನುವಾದಿಸಲು ಹೊರಟವರು ಬೇಗ ಸೋಲೊಪ್ಪಿಕೊಳ್ಳುವುದು ಮೇಲು. ಗಡ್ಡವನ್ನು ವಿಯೆಟ್ನಾಮಿಗರು ‘ಬಿಡುತ್ತಾರೆ’, ನಾವೂ ಬಿಡುತ್ತೇವೆ. ಅವರ ಭಾಷೆಯಲ್ಲಿ ನಗು ಎಂಬ ಪದದೊಳಗೇ ಒಂದು ಮೊಗ್ಗು ಇದೆ, ಆದ್ದರಿಂದ ಮುಖದ ಮೇಲೆ ಅದು ಅರಳುತ್ತದೆ.

ಪಾಠ ಹೇಳುವವರಿಗೆ ನನ್ನದೊಂದು ಸಲಹೆ. ಚಿತ್ರದ ಹುಡುಗಿಗೆ ಟೋಪಿ, ಫ್ರಾಕು ಬರೆದು ‘ಏನು ವೇರ್ ಮಾಡಿದ್ದಾಳೆ’ ಎಂದು ಕೇಳುವ ಅಭ್ಯಾಸವನ್ನು ಒಂದೇ ದಿನಕ್ಕೆ ಮುಗಿಸಿ. ಮರುದಿನ ಒಬ್ಬ ವಿದ್ಯಾರ್ಥಿಯ ಹಳೆಯ ಶೂಸನ್ನು ಮೇಜಿನ ಮೇಲಿಟ್ಟು ಒಂದೇ ವಾಕ್ಯ ಬರೆಸಿ: ಮೂರು ವರ್ಷ ಇವನ್ನು ವೇರ್ ಮಾಡಿದ್ದೇನೆ, ಅಟ್ಟೆ ವೇರ್ ಆಗಿದೆ. ಆಮೇಲೆ ಅದನ್ನೇ ಅವರ ಭಾಷೆಗೆ ತಿರುಗಿಸಲು ಹೇಳಿ. ಹನೋಯಿಯವರಾದರೆ ಮೊದಲರ್ಧಕ್ಕೆ ‘ದಿ’, ಹೋ ಚಿ ಮಿನ್ ನಗರದವರಾದರೆ ‘ಮಾಂಗ್’ ಎಂದು ಬರೆಯುತ್ತಾರೆ. ಉತ್ತರಾರ್ಧದಲ್ಲಿ ಮಾತ್ರ ಇಬ್ಬರದೂ ಒಂದೇ ಪದ, ‘ಮೊನ್’.