ಬ್ರೆಟನ್ ವುಡ್ಸಿನ ಅತಿಥಿಗೃಹವೂ ಭಾರತದ ಸಾಲಪತ್ರವೂ

ಒಡಂಬಡಿಕೆಗಳ ಒಕ್ಕಣೆಯನ್ನು ಪರೀಕ್ಷಿಸುವ ಚರಿತ್ರಕಾರರು ಅವು ಹುಟ್ಟಿದ ಮನೆಯ ವೃತ್ತಾಂತವನ್ನು ಪ್ರಾಯಶಃ ಉಪೇಕ್ಷಿಸುವರು. ಆದರೆ ಸ್ಥಳವಿಚಾರವು ಕೆಲವೆಡೆ ಕಾರ್ಯವಿಚಾರಕ್ಕೆ ಅಂಗವಾಗಿರುವುದುಂಟು. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಬ್ರೆಟನ್ ವುಡ್ಸಿನಲ್ಲಿರುವ ಮೌಂಟ್ ವಾಷಿಂಗ್ಟನ್ ಹೋಟೆಲು ಇದಕ್ಕೆ ನಿದರ್ಶನವಾಗಿದೆ.

ಕಲ್ಲಿದ್ದಲಿನ ವ್ಯಾಪಾರದಿಂದಲೂ ರೈಲ್ವೆಯಿಂದಲೂ ಧನಿಕನಾದ ಜೋಸೆಫ್ ಸ್ಟಿಕ್ನಿಯು ಚಾರ್ಲ್ಸ್ ಆಲಿಂಗ್ ಗಿಫರ್ಡನೆಂಬ ವಾಸ್ತುಶಿಲ್ಪಿಯಿಂದ ಇದನ್ನು ಕಟ್ಟಿಸಿದನು. 1902ರಲ್ಲಿ ಇದರ ಬಾಗಿಲು ತೆರೆಯಿತು. ಬಿಳಿಯ ಗೋಡೆ, ಕೆಂಪು ಮಾಡು, ಸುತ್ತಲೂ ಉದ್ದವಾದ ಜಗಲಿ. ಸಮೀಪದಲ್ಲಿಯೇ 6,288 ಅಡಿ ಎತ್ತರದ ವಾಷಿಂಗ್ಟನ್ ಪರ್ವತ. ಬೇಸಗೆಯ ತಾಪವನ್ನು ಕಳೆಯಲು ಸಿರಿವಂತರು ರೈಲಿನಲ್ಲಿ ಬಂದು ತಂಗುತ್ತಿದ್ದರು. ಕಟ್ಟಿಸಿದಾತನು ಮಾತ್ರ 1903ರಲ್ಲಿಯೇ ಕಾಲವಾದನು. ಯುದ್ಧದ ದೆಸೆಯಿಂದ 1942ರಲ್ಲಿ ಹೋಟೆಲು ಮುಚ್ಚಿತು.

1944ರಲ್ಲಿ ಲೋಕದ ನಾಣ್ಯವ್ಯವಸ್ಥೆಯನ್ನು ಕುರಿತ ಮಹಾಸಭೆಗೆ ತಂಪಾದ ಎಡೆ ಬೇಕಾಯಿತು. ಹೃದ್ರೋಗಿಯಾಗಿದ್ದ ಬ್ರಿಟನ್ನಿನ ಕೇನ್ಸನು ವಾಷಿಂಗ್ಟನ್ ನಗರದ ಸೆಕೆಯನ್ನು ಒಲ್ಲೆನೆಂದಿದ್ದನು. ಮುಚ್ಚಿದ್ದ ಸೌಧವನ್ನು ತ್ವರೆಯಿಂದ ಸಜ್ಜುಗೊಳಿಸಲಾಯಿತು. ಜುಲೈ 1ರಿಂದ 22ರವರೆಗೆ 44 ರಾಷ್ಟ್ರಗಳ ಸುಮಾರು 730 ಪ್ರತಿನಿಧಿಗಳು ಅಲ್ಲಿ ಕಲೆತರು. ಅಂತರರಾಷ್ಟ್ರೀಯ ಹಣಕಾಸು ನಿಧಿ, ವಿಶ್ವಬ್ಯಾಂಕು ಇವೆರಡೂ ಅಲ್ಲಿ ರೂಪುಗೊಂಡವು.

ನಮಗೆ ಮುಖ್ಯವಾದ ವಿಷಯವು ಇಲ್ಲಿಂದ ಮುಂದಿನದು. ಭಾರತವು ಆಗ ಪರಾಧೀನವಾಗಿದ್ದುದರಿಂದ ಅದರ ನಿಯೋಗಕ್ಕೆ ಸರ್ ಜೆರೆಮಿ ರೈಸ್ಮನ್ ಎಂಬ ಆಂಗ್ಲ ಅಧಿಕಾರಿಯೇ ನಾಯಕನು. ಆದರೂ ಸಿ. ಡಿ. ದೇಶಮುಖ, ಆರ್. ಕೆ. ಷಣ್ಮುಖಂ ಚೆಟ್ಟಿ, ಎ. ಡಿ. ಷ್ರಾಫ್ ಇವರು ಅದರಲ್ಲಿದ್ದರು. ಬ್ರಿಟನ್ನು ಯುದ್ಧಕ್ಕಾಗಿ ಭಾರತದಲ್ಲಿ ಸಾಮಗ್ರಿಗಳನ್ನು ಕೊಂಡು, ಅದರ ಬೆಲೆಯನ್ನು ಲಂಡನ್ನಿನಲ್ಲಿ ಸ್ಟರ್ಲಿಂಗ್ ಸಾಲವಾಗಿ ಬರೆದಿರಿಸುತ್ತಿದ್ದಿತು. ಅದರ ಆಧಾರದ ಮೇಲೆ ಇಲ್ಲಿ ರೂಪಾಯಿ ನೋಟುಗಳು ಹೆಚ್ಚಿದವು, ಬೆಲೆಗಳು ಏರಿದವು. 1943ರಲ್ಲಿ ಬಂಗಾಳವು ಕ್ಷಾಮದಿಂದ ತತ್ತರಿಸಿತು. ಆದುದರಿಂದ ಆ ಸಾಲದಲ್ಲಿ ಒಂದಂಶವನ್ನಾದರೂ ಇತರ ನಾಣ್ಯಗಳಿಗೆ ಪರಿವರ್ತಿಸಲು ನಿಧಿಯು ನೆರವಾಗಬೇಕೆಂದು ಭಾರತವು ವಾದಿಸಿತು. ಅದು ಸಾಲಿಗನಿಗೂ ಸಾಲಕೊಟ್ಟವನಿಗೂ ಸೇರಿದ ವ್ಯವಹಾರವೆಂದು ಬ್ರಿಟನ್ನು ಹೇಳಿತು. ಸಭೆಯು ಭಾರತದ ವಾದವನ್ನು ಅಂಗೀಕರಿಸಲಿಲ್ಲ. 1945ರ ವೇಳೆಗೆ ಆ ಸಾಲವು 100 ಕೋಟಿ ಪೌಂಡುಗಳನ್ನು ಮೀರಿದ್ದಿತು. ಅದನ್ನು ಕುರಿತ ಮೊದಲ ಒಪ್ಪಂದವಾದುದು 1947ರ ಆಗಸ್ಟಿನಲ್ಲಿ.

ನಿಧಿಯಲ್ಲಿ ಭಾರತಕ್ಕೆ 40 ಕೋಟಿ ಡಾಲರುಗಳ ಪಾಲು ಗೊತ್ತಾಯಿತು. ಸೋವಿಯತ್ ದೇಶವು ಸೇರದೆ ಉಳಿದುದರಿಂದ ಭಾರತವು ಐದನೆಯ ಸ್ಥಾನಕ್ಕೇರಿ, ತನ್ನ ನಿರ್ದೇಶಕನನ್ನು ತಾನೇ ನೇಮಿಸುವ ಅಧಿಕಾರವನ್ನು ಪಡೆಯಿತು.

1986ರಲ್ಲಿ ಅಮೆರಿಕವು ಆ ಸೌಧವನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಒಡಂಬಡಿಕೆಗೆ ರುಜು ಬಿದ್ದ ಸುವರ್ಣಕೋಷ್ಠವನ್ನು ಯಾತ್ರಿಕರು ನೋಡುವರು. ಆ ಪರ್ವತಪ್ರಾಂತದ ಚೆಲುವು ವರ್ಣನಾರ್ಹವೇ ಸರಿ. ಆದರೆ ಅದನ್ನು ವರ್ಣಿಸುವ ಭಾರತೀಯನು, ಆತಿಥ್ಯ ದೊರೆತ ಅದೇ ಮನೆಯಲ್ಲಿ ತನ್ನ ದೇಶದ ಸಾಲಪತ್ರಕ್ಕೆ ಪುರಸ್ಕಾರ ದೊರೆಯಲಿಲ್ಲವೆಂಬುದನ್ನೂ ಹೇಳತಕ್ಕದ್ದು.