ಲೈಟ್ ಹೋದ್ರೆ ಲ್ಯಾಪ್‌ಟಾಪ್‌ಗೆ ನೆನಪಿರ್ತದಾ?

ಕಂಪ್ಯೂಟರ್ ಇತಿಹಾಸ, ಭಾಗ 7

ಭಾಲ್ಕಿಯಲ್ಲಿ ಓದೋರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ರಿಪೋರ್ಟ್ ಅರ್ಧ ಆಗಿರ್ತದ, ಲೈಟ್ ಹೋಗ್ತದ. ಕಳೆದ ಸೆಮಿಸ್ಟರ್‌ನಲ್ಲಿ ನಾನು ಹಳೇ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಮಲಗಿಬಿಟ್ಟೆ. ಬೆಳಿಗ್ಗೆ ಬ್ಯಾಟರಿ ಸೊನ್ನೆ, ಸೇವ್ ಮಾಡದ ಹನ್ನೊಂದು ಪುಟ ಮಾಯ!

ಮುಚ್ಚಳ ಮುಚ್ಚಿದಾಗ ಆಗೋದು ಸಸ್ಪೆಂಡ್. ಕೆಲಸ ರ‍್ಯಾಮ್‌ನಲ್ಲೇ ಇರ್ತದ, ರ‍್ಯಾಮ್‌ಗೆ ಕರೆಂಟ್ ಬೇಕೇ ಬೇಕು. ಹೈಬರ್ನೇಟ್ ಅಂದ್ರೆ ಅದನ್ನೆಲ್ಲ ಡಿಸ್ಕ್‌ಗೆ ಬರೆದು ಪೂರ್ತಿ ಆಫ್ ಆಗೋದು. ನಮ್ಮೂರಿಗೆ ಬೇಕಾದದ್ದು ಇದೇ. ಆದ್ರೆ ಲಿನಕ್ಸ್‌ನಲ್ಲಿ ಆ ಬಟನ್ ಹುಡುಕಿದ್ರೂ ಬಹಳ ಸಲ ಸಿಗಲ್ಲ. ಯಾಕೆ?

🔹 2002: ಗಾಬೋರ್ ಕುಟಿ, ಪಾವೆಲ್ ಮಾಖೆಕ್ ಅವರ ಕೋಡ್ ಲಿನಕ್ಸ್ 2.5 ಕರ್ನಲ್‌ಗೆ ಸೇರಿತು. ಬರೆದಿಡೋದಕ್ಕಿಂತ ಎಬ್ಬಿಸೋದೇ ಕಷ್ಟ. ಗ್ರಾಫಿಕ್ಸ್, ವೈಫೈ, ಯುಎಸ್‌ಬಿ ಎಲ್ಲವೂ ಮತ್ತೆ ಸರಿಯಾಗಿ ಏಳಬೇಕು. ಒಂದು ಡ್ರೈವರ್ ತಪ್ಪಿದ್ರೂ ಪರದೆ ಕಪ್ಪಾಗಿ ನಿಲ್ಲಬಹುದು. ನೈಜೆಲ್ ಕನ್ನಿಂಗ್‌ಹ್ಯಾಮ್ ವರ್ಷಗಟ್ಟಲೆ ದುಡಿದ ಟಕ್ಸ್‌ಆನ್‌ಐಸ್ ಮುಖ್ಯ ಕರ್ನಲ್‌ಗೆ ಸೇರಲೇ ಇಲ್ಲ.

🔹 2012: ಎಲ್ಲ ಯಂತ್ರಗಳಲ್ಲಿ ನಂಬೋ ಹಾಗಿಲ್ಲ ಅಂತ ಉಬುಂಟು 12.04 ಮೆನುವಿನಿಂದ ಹೈಬರ್ನೇಟ್ ತೆಗೆಯಿತು.

🔹 2019: ಕರ್ನಲ್ 5.4ರಲ್ಲಿ ಲಾಕ್‌ಡೌನ್ ಬಂತು. ಡಿಸ್ಕ್‌ನಲ್ಲಿರೋ ನೆನಪನ್ನು ಯಾರಾದ್ರೂ ತಿದ್ದಿದ್ರೆ? ಆ ಭಯಕ್ಕೆ, ಸೆಕ್ಯೂರ್ ಬೂಟ್ ಆನ್ ಇದ್ರೆ ಹಲವು ಲಿನಕ್ಸ್‌ಗಳಲ್ಲಿ ಹೈಬರ್ನೇಟ್ ಬಂದ್.

🔹 2020: ಫೆಡೋರಾ 33 ಸ್ವಾಪ್ ಜಾಗವನ್ನು ರ‍್ಯಾಮ್ ಒಳಗೇ ಇಟ್ಟಿತು. ವೇಗಕ್ಕೆ ಚಲೋ. ಆದ್ರೆ ಕರೆಂಟ್ ಹೋದ್ರೆ ರ‍್ಯಾಮೇ ಖಾಲಿ, ನೆನಪು ಎಲ್ಲಿ ಉಳೀಬೇಕು?

ನೋಡ್ರಿ, ಯಾರೂ ಸುಮ್ನೆ ಕೂತಿಲ್ಲ. ವೇಗ, ಭದ್ರತೆ ಅಂತ ಒಂದೊಂದೇ ಒಳ್ಳೆ ಕಾರಣಕ್ಕೆ ಹೈಬರ್ನೇಟ್ ಹಿಂದೆ ಸರಿದದ. ಲೈಟ್ ಹೋಗದ ಊರಿನವರಿಗೆ ಅದು ಇಲ್ಲದ್ರೂ ನಡೀತದ. ನಮಗೆ ನಡಿಯಲ್ಲ.

ಅದಕ್ಕೇ ಇವತ್ತೇ ಪರೀಕ್ಷೆ ಮಾಡ್ರಿ:
1. ಡಿಸ್ಕ್‌ನಲ್ಲಿ ರ‍್ಯಾಮ್‌ನಷ್ಟು ಸ್ವಾಪ್ ಅದಾ ನೋಡ್ರಿ.
2. ಎಲ್ಲ ಸೇವ್ ಮಾಡಿ, ಒಂದು ಸಲ ಹೈಬರ್ನೇಟ್ ಮಾಡಿ ಎಬ್ಬಿಸ್ರಿ.
3. ಲಿನಕ್ಸ್ ಮಲಗಿದ್ದಾಗ ವಿಂಡೋಸ್‌ಗೆ ಹೋಗಿ ಅದೇ ಪಾರ್ಟಿಷನ್ ಮುಟ್ಟಬೇಡ್ರಿ, ಡೇಟಾ ಕೆಡ್ತದ.

ಎದ್ದರೆ ನಂಬ್ರಿ. ಏಳದಿದ್ರೆ ಹತ್ತು ನಿಮಿಷಕ್ಕೊಮ್ಮೆ ಕಂಟ್ರೋಲ್ ಎಸ್! ನಿಮ್ದು ಎದ್ದಿತಾ? ಕಮೆಂಟ್‌ನಲ್ಲಿ ಮಾಡೆಲ್ ಹೆಸರು ಹಾಕ್ರಿ, ಜೂನಿಯರ್ಸ್‌ಗೆ ಉಪಯೋಗ ಆಗ್ತದ.

#ಭಾಲ್ಕಿ #ಬೀದರ್ #ಲಿನಕ್ಸ್ #ಕಂಪ್ಯೂಟರ್‌ಇತಿಹಾಸ