ಯಾದವಗಿರಿಯ ಗೋಡೆಗೆ ಕಿವಿಯಿಟ್ಟವರು

ನಮ್ಮಪ್ಪನ ಶೆಡ್ಡಿನ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದ ಲೆಕ್ಕ ಸದಾ ಇರುತ್ತಿತ್ತು. ಗಿರಾಕಿಗಳ ಬಾಕಿ ಲೆಕ್ಕ ಗೋಡೆಯ ಮೇಲೆ, ಎಂಜಿನ್ನಿನ ಲೆಕ್ಕ ನೆಲದ ಮೇಲೆ. ಬೋರ್ ಅಂದರೆ ಸಿಲಿಂಡರಿನ ಒಳಗಲ 65 ಮಿಲಿಮೀಟರು, ಸ್ಟ್ರೋಕ್ ಅಂದರೆ ಪಿಸ್ಟನ್ನಿನ ಓಟ 75. ನನಗೆ ಗುಣಾಕಾರ ಸರಿಯಾಗಿ ಬಂದದ್ದು ಸ್ಕೂಲಿನಲ್ಲಲ್ಲ, ಆ ಎರಡು ಅಂಕಿಗಳಿಂದ. ‘ಸಿಸಿ ಅಂದ್ರೆ ಪಿಸ್ಟನ್ನು ಕೆಳಗಿಂದ ಮೇಲಕ್ಕೆ ಹೋಗೋವಾಗ ಗುಡಿಸ್ಕೊಂಡು ಹೋಗೋ ಜಾಗ ಕಣೋ’ ಎಂದು ಅಪ್ಪ ಹೇಳಿಕೊಟ್ಟಿದ್ದರು. ಬೋರನ್ನು ಬೋರಿನಿಂದಲೇ ಗುಣಿಸು, ಅದಕ್ಕೆ 0.7854, ಅದಕ್ಕೆ ಸ್ಟ್ರೋಕು. ಸೆಂಟಿಮೀಟರಿನಲ್ಲಿ ಮಾಡಿದರೆ ಬರುವುದು 249ಕ್ಕೆ ಕೂದಲೆಳೆಯಷ್ಟು ಕಡಿಮೆ. ಊರಿನವರ ಬಾಯಲ್ಲಿ ಅದು 250. ಜಾವಾ 250.

ಶೆಡ್ಡು ಇದ್ದದ್ದು ಮೈಸೂರಿನ ಒಂಟಿಕೊಪ್ಪಲಿನಲ್ಲಿ. ಅಲ್ಲಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗಿ ಬರಬಹುದಿತ್ತು. ಸಂಜೆ ಐದೂವರೆ ದಾಟಿದರೆ ಶೆಡ್ಡಿನ ಮುಂದಿನ ಕಲ್ಲುಬೆಂಚು ಭರ್ತಿ. ರೈಲ್ವೆ ವರ್ಕ್‌ಶಾಪಿನ ಒಬ್ಬರು ಫಿಟ್ಟರು, ಸಿಎಫ್‌ಟಿಆರ್‌ಐನಲ್ಲಿ ಕೆಲಸಕ್ಕಿದ್ದ ಒಬ್ಬರು, ಬ್ಯಾಂಕಿನ ಗುಮಾಸ್ತರು, ಎನ್‌ಐಇ ಕಾಲೇಜಿನ ಎರಡು ಮೂರು ಹುಡುಗರು, ಮಂಡಿ ಮೊಹಲ್ಲಾದಿಂದ ಬರುತ್ತಿದ್ದ ಬೋರಿಂಗ್ ಉಸ್ತಾದರು. ಇವರಲ್ಲಿ ಅರ್ಧ ಜನಕ್ಕೆ ಸ್ವಂತ ಗಾಡಿ ಇರಲಿಲ್ಲ. ಆದರೂ ಮಾತು ಯಾವಾಗಲೂ ಅದೇ: ಕಾರ್ಖಾನೆಯವರು ಮುಂದೆ ಯಾವ ಗಾಡಿ ಬಿಡುತ್ತಾರೆ? ಎಷ್ಟು ಸಿಸಿ?

ಈ ಮಾತಿಗೆ ಮೈಸೂರಿನಲ್ಲಿ ಒಂದು ತಳಪಾಯ ಇತ್ತು. 1950ರ ದಶಕದವರೆಗೆ ಜಾವಾ ಗಾಡಿಗಳು ಜೆಕೊಸ್ಲೊವಾಕಿಯಾದಿಂದ ಹಡಗಿನಲ್ಲಿ ಬರುತ್ತಿದ್ದವು. ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ ಮುಂಬೈಯ ರುಸ್ತುಂ ಇರಾನಿ, ಫರೂಕ್ ಇರಾನಿ ಅವರು ಇಲ್ಲೇ ತಯಾರಿಸಲು ಹೊರಟರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಬೆಂಬಲದಿಂದ ಮೈಸೂರು ಆಯ್ಕೆಯಾಯಿತು. 1960ರಲ್ಲಿ ಕಂಪನಿ, 1961ರಿಂದ ಗಾಡಿಗಳು. ಅರಮನೆ, ರೇಷ್ಮೆ, ಗಂಧದೆಣ್ಣೆಯ ಊರಿನಲ್ಲಿ ಮೋಟಾರ್‌ಸೈಕಲ್ಲು ಹುಟ್ಟತೊಡಗಿತು. ಬೇರೆ ಊರಿನವರಿಗೆ ಹೊಸ ಗಾಡಿ ಪೇಪರಿನ ಜಾಹೀರಾತಿನಲ್ಲಿ ಕಾಣುತ್ತಿತ್ತು. ನಮಗೆ ಅದು ಗೋಡೆಯಾಚೆ ಕೇಳುತ್ತಿತ್ತು.

ಕೇಳುತ್ತಿತ್ತು ಎಂದದ್ದು ಅಲಂಕಾರಕ್ಕಲ್ಲ. ಜಾವಾದ ಎಂಜಿನ್ನು ಟೂ ಸ್ಟ್ರೋಕು. ಕ್ರ್ಯಾಂಕು ಒಂದು ಸುತ್ತು ತಿರುಗಿದರೆ ಒಂದು ಬಡಿತ. ಒಂದೇ ಸಿಲಿಂಡರಿಗೆ ಎರಡೂ ಪಕ್ಕದಲ್ಲಿ ಒಂದೊಂದು ಸೈಲೆನ್ಸರು. ಹೊಸಬರು ಅದನ್ನು ನೋಡಿ ಡಬಲ್ ಸಿಲಿಂಡರ್ ಎಂದುಕೊಳ್ಳುತ್ತಿದ್ದರು. ಕಣ್ಣು ಮೋಸ ಹೋದರೂ ಕಿವಿ ಹೋಗುವುದಿಲ್ಲ. ನಿಜವಾಗಿ ಎರಡು ಸಿಲಿಂಡರಿದ್ದರೆ ಒಂದು ಸುತ್ತಿಗೆ ಎರಡು ಬಡಿತ ಬರಬೇಕು, ಶಬ್ದ ಒತ್ತೊತ್ತಾಗಿ, ನೂಲು ಸುತ್ತಿದ ಹಾಗೆ ಬರಬೇಕು. ಬೋರು ದೊಡ್ಡದಾದರೆ ಬಡಿತ ದಪ್ಪ, ಸಣ್ಣದಾದರೆ ಚುರುಕು. ಟ್ರಯಲ್ಲಿಗೆ ಹೊರಬಿದ್ದ ಗಾಡಿ ಕೆಆರ್‌ಎಸ್ ರಸ್ತೆಯಲ್ಲಿ ಹೋದರೆ ಅಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ಹಾಗೇ ಹಿಡಿದು ನಿಲ್ಲುತ್ತಿದ್ದರು. ‘ಸುಮ್ನಿರಿ, ಸುಮ್ನಿರಿ’ ಎಂದು ಬೆಂಚಿನವರ ಬಾಯಿ ಮುಚ್ಚಿಸುತ್ತಿದ್ದರು. ಗಾಡಿ ತಿರುವು ದಾಟಿ ಶಬ್ದ ಪೂರ್ತಿ ಅಡಗಿದ ಮೇಲೆ ತೀರ್ಪು.

1978ರಲ್ಲಿ ನನಗೆ ಹನ್ನೆರಡು ವರ್ಷ. ಆ ವರ್ಷ ಕಾರ್ಖಾನೆಯ ಹೊಸ ಗಾಡಿ ರೋಡ್‌ಕಿಂಗ್ ಬರುವ ಮೊದಲಿನ ತಿಂಗಳುಗಳು ನನಗೆ ಹಬ್ಬದ ಹಾಗೆ ನೆನಪಿವೆ. ಶಬ್ದ ಬೇರೆ ಬರುತ್ತಿತ್ತು. ಹಳೆಯ ಜಾವಾದ ಮೆದು ಬಡಿತ ಅದರಲ್ಲಿರಲಿಲ್ಲ. ಕೆಳಗೆ ಸ್ವಲ್ಪ ಒರಟು, ಮೇಲೇರಿದರೆ ಬಿಗಿ. ಬೆಂಚು ಎರಡು ಪಕ್ಷವಾಯಿತು. ಕಾಲೇಜು ಹುಡುಗರು 350 ಎಂದರು. ರೈಲ್ವೆಯವರು 300ಕ್ಕೆ ಬಂದು ನಿಂತರು. ಉಸ್ತಾದರು, ‘ಅಷ್ಟು ದೊಡ್ಡ ಪಿಸ್ಟನ್ನು ಯಾರ ಕಡೆ ಎರಕ ಹೊಯ್ಯಿಸ್ತಾರೆ, ಹೇಳಿ ನೋಡೋಣ’ ಎಂದು ಕೇಳಿದರು. ಅಪ್ಪ ಮಾತ್ರ 250ನ್ನು ಬಿಟ್ಟು ಕದಲಲಿಲ್ಲ. ‘ಬೋರು ಅದೇ ಇದೆ. ಉಸಿರಾಟ ಬದಲಾಯ್ಸಿದಾರೆ.’ ಗಾಡಿ ಬಂತು. 250. ಆ ಸಂಜೆ ಬೆಂಚಿನ ಮೇಲಿದ್ದವರೆಲ್ಲ ಅಪ್ಪನಿಗೆ ಕಾಫಿ ಕುಡಿಸಿದರು.

ಅದಕ್ಕೂ ಮೊದಲು, 1973ರಲ್ಲಿ, ಇದಕ್ಕಿಂತ ದೊಡ್ಡ ಗಲಿಬಿಲಿ ಆಗಿತ್ತಂತೆ. ಜೆಕ್ ಕಂಪನಿಯ ಜೊತೆಗಿನ ಒಪ್ಪಂದದ ಅವಧಿ ಮುಗಿದು ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. ಇರಾನಿ ಮನೆತನದ ಮೂಲ ಊರು ಇರಾನಿನ ಯಜ್ದ್, ಹೆಸರು ಅಲ್ಲಿಂದ. ಹೆಸರು ಹೊಸದಾದ ಮೇಲೆ ಎಂಜಿನ್ನೂ ಹೊಸದಿರಬೇಕೆಂದು ಊರು ನಂಬಿತು. ಬಿಚ್ಚಿ ನೋಡಿದರೆ ಒಳಗೆ ಅದೇ 65, ಅದೇ 75. ಸ್ಟಾರ್ಟ್ ಮಾಡುವ ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುವ ಆ ಜೆಕ್ ಜಾಣ್ಮೆಯೂ ಹಾಗೇ ಉಳಿದಿತ್ತು.

ಆ ಜೆಕ್ ಕಂಪನಿಯ ಕಥೆಯನ್ನು ನಾನು ಓದಿಕೊಂಡದ್ದು ಬಹಳ ತಡವಾಗಿ. ಓದಿದಾಗ ನಮ್ಮ ಬೆಂಚಿನ ಮಾತು ಎಷ್ಟು ಹಳೆಯದು ಅನ್ನಿಸಿತು. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ಹಕ್ಕು ಕೊಂಡರು. ತಮ್ಮ ಹೆಸರಿನ ಮೊದಲೆರಡು ರೋಮನ್ ಅಕ್ಷರ, ವಾಂಡರರ್ ಹೆಸರಿನ ಮೊದಲೆರಡು ಅಕ್ಷರ ಕೂಡಿಸಿ ಜಾವಾ ಎಂದು ಹೆಸರಿಟ್ಟರು. ಜೆಕ್ ಜನ ಅದನ್ನು ‘ಯಾವಾ’ ಎನ್ನುತ್ತಾರೆ. ಮೊದಲ ಗಾಡಿ 500 ಸಿಸಿ. ಬೆಲೆ ಜಾಸ್ತಿ, ಕೊಳ್ಳುವವರು ಕಡಿಮೆ. 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ನು ಕೂರಿಸಿದ 175 ಸಿಸಿಯ ಅಗ್ಗದ ಗಾಡಿ ಬಂತು, ಕಂಪನಿ ಎದ್ದು ನಿಂತಿತು. 500ರಿಂದ 175ಕ್ಕೆ ಇಳಿಯಲು ಎಂಥ ಗಟ್ಟಿ ಮನಸ್ಸು ಬೇಕು! ಮುಂದೆ ಜರ್ಮನರು ದೇಶವನ್ನು ಹಿಡಿದುಕೊಂಡಾಗ ಜಾವಾದ ಎಂಜಿನಿಯರುಗಳು ಅವರ ಕಣ್ಣು ತಪ್ಪಿಸಿ ಯುದ್ಧಾನಂತರದ 250 ಸಿಸಿ ಗಾಡಿಯನ್ನು ರೂಪಿಸಿದರು. 1946ರಲ್ಲಿ ಅದು ಹೊರಬಂತು, ಹಿಂಚಕ್ರಕ್ಕೆ ಸ್ಪ್ರಿಂಗು ಇದ್ದದ್ದರಿಂದ ‘ಪೆರಕ್’ ಎನ್ನಿಸಿಕೊಂಡಿತು. ಯಾನೆಚೆಕ್ ಅದನ್ನು ನೋಡಲಿಲ್ಲ, 1941ರಲ್ಲೇ ತೀರಿಹೋಗಿದ್ದರು. ಗುಟ್ಟಾಗಿ ಕಟ್ಟಿದ ಆ 250ರ ವಂಶದ್ದೇ ನಮ್ಮ ಯಾದವಗಿರಿಗೆ ಬಂದದ್ದು.

ಬೆಂಚಿನವರ ಆಸೆ ಮಾತ್ರ 350. ಒಂದು ಪೀಳಿಗೆಯೇ ಅದಕ್ಕೆ ಕಾದಿತ್ತು. 1983ರಲ್ಲಿ ಎಸ್ಕಾರ್ಟ್ಸಿನವರು ಯಮಾಹಾದ 347 ಸಿಸಿ ಡಬಲ್ ಸಿಲಿಂಡರ್ ಗಾಡಿಯನ್ನು ರಾಜ್‌ದೂತ್ 350 ಎಂದು ತಂದಾಗ ಶೆಡ್ಡಿನಲ್ಲಿ ನಿದ್ದೆ ಕೆಟ್ಟಿತು. ನಮ್ಮೂರಿನ ಕಾರ್ಖಾನೆ ಸುಮ್ಮನಿರುವುದಿಲ್ಲ ಎಂದು ಎಲ್ಲರೂ ನಂಬಿದರು. ಅಂದಾಜು ಈ ಸಲ ತಪ್ಪಲಿಲ್ಲ. ಅದೇ ದಶಕದಲ್ಲಿ ಯೆಜ್ಡಿ 350 ಟ್ವಿನ್ ಬಂತು. ಅದು ಶೆಡ್ಡಿಗೆ ಮೊದಲು ಬಂದ ದಿನ ನಾನೇ ಸೀಮೆಸುಣ್ಣ ಹಿಡಿದೆ. ಬೋರ್ 58, ಸ್ಟ್ರೋಕ್ 65, ಸಿಲಿಂಡರು ಎರಡು. ಬಂದದ್ದು 343. ‘ಏಳು ಸಿಸಿ ಸಾಲ ಇಟ್ಕೊಂಡಿದಾರೆ’ ಎಂದು ಬ್ಯಾಂಕಿನವರು ನಕ್ಕರು. ನಾನು ಅದನ್ನು ಚಾಮುಂಡಿ ಬೆಟ್ಟದ ನಂದಿಯವರೆಗೆ ಒಮ್ಮೆ ಓಡಿಸಿದ್ದೇನೆ. ಏರಿನಲ್ಲಿ ಗೇರು ಇಳಿಸದೆ ನೂಲು ಸುತ್ತಿದ ಹಾಗೆ ಎಳೆಯಿತು. ಅಷ್ಟು ಒಳ್ಳೆಯ ಎಂಜಿನ್ನು. ಆದರೆ ಹೆಚ್ಚು ಮಾರಾಟವಾಗಲಿಲ್ಲ.

ಯಾಕೆ ಆಗಲಿಲ್ಲ ಎಂಬುದು ನನಗೆ ಅರ್ಥವಾಗಲು ವರ್ಷಗಳು ಹಿಡಿದವು. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಅದನ್ನೇ. ನಾವು ಕಾರ್ಖಾನೆಯ ಗೋಡೆಗೆ ಕಿವಿಯಿಟ್ಟು ಕೂತಿದ್ದೆವು. ಸಿಸಿಯ ಅಂಕಿ ಮಾತ್ರ ಇನ್ನೆಲ್ಲೋ ಬರೆಯಲ್ಪಡುತ್ತಿತ್ತು. 1980ರ ದಶಕದ ಆರಂಭದಲ್ಲಿ ದೆಹಲಿಯ ಸರ್ಕಾರ 100 ಸಿಸಿಯವರೆಗಿನ ಗಾಡಿಗಳಿಗೆ ವಿದೇಶಿ ಸಹಯೋಗದ ಬಾಗಿಲು ತೆರೆಯಿತು. 1984ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೊ ಹೋಂಡಾ ಸಿಡಿ 100, ಅದರ ಹಿಂದೆಯೇ ಆರ್‌ಎಕ್ಸ್ 100, ಆಮೇಲೆ ಕವಾಸಾಕಿ ಬಜಾಜ್. ಎಲ್ಲವೂ 100 ಸಿಸಿ. ಇಷ್ಟು ಕಂಪನಿಗಳು ಒಂದೇ ಅಂಕಿಗೆ ಬಂದು ನಿಂತದ್ದು ರಸ್ತೆ ಕೇಳಿದ್ದರಿಂದಲ್ಲ, ಅಪ್ಪಣೆ ಇದ್ದದ್ದು ಅಷ್ಟಕ್ಕೇ ಆದ್ದರಿಂದ. ನಮ್ಮ ಶೆಡ್ಡಿಗೆ ಬರುವ ಯೆಜ್ಡಿ ಲೀಟರಿಗೆ ಮೂವತ್ತು ಕಿಲೊಮೀಟರ್ ಕೊಟ್ಟರೆ ಒಡೆಯನಿಗೆ ಸಂತೋಷ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಆಗಾಗ ಸೈಲೆನ್ಸರ್ ಬಿಚ್ಚಿ ಕರಿ ತೆಗೆಸಬೇಕು. ಸಿಡಿ 100 ಅದರ ಎರಡರಷ್ಟು ಕೊಟ್ಟು, ಆಯಿಲ್ ಬೆರೆಸುವ ತಾಪತ್ರಯವನ್ನೂ ಕಳೆಯಿತು. ಬೆಂಚಿನ ಮೇಲಿದ್ದ ಗುಮಾಸ್ತರೇ ಒಂದು ಸಂಜೆ ಹೊಸ 100 ಸಿಸಿ ಗಾಡಿಯಲ್ಲಿ ಬಂದು, ಇಳಿಯದೆ, ಅಪ್ಪನ ಮುಖ ನೋಡಿದರು. ‘ಮಕ್ಕಳ ಫೀಸು ಕಟ್ಬೇಕಲ್ಲಾ ಮೇಸ್ತ್ರಿ’ ಎಂದರು. ಅಪ್ಪ ಗಾಡಿಯ ಟ್ಯಾಂಕು ಸವರಿ, ‘ಒಳ್ಳೆ ಗಾಡಿ ಸಾರ್, ಚೆನ್ನಾಗಿಟ್ಕೊಳಿ’ ಎಂದರು.

ಅಪ್ಪ ಅದನ್ನು ಮನಸಾರೆ ಹೇಳಿದ್ದರು.

ಕಾರ್ಖಾನೆಯವರು ಪ್ರಯತ್ನ ಬಿಡಲಿಲ್ಲ. 175 ತಂದರು. ಆಯಿಲನ್ನು ಪಂಪೇ ಹಾಕಿಕೊಳ್ಳುವ ಆಯಿಲ್‌ಕಿಂಗ್ ತಂದರು, ಮೊನಾರ್ಕ್ ತಂದರು. ಪ್ರತಿಯೊಂದಕ್ಕೂ ಬೆಂಚಿನ ಮೇಲೆ ಅಂದಾಜು ನಡೆಯಿತು, ಕೂರುವವರು ಮಾತ್ರ ಕಡಿಮೆಯಾಗುತ್ತ ಬಂದರು. ಆಮೇಲೆ ಹೊಗೆಯ ನಿಯಮಗಳು ಬಂದವು, ಟೂ ಸ್ಟ್ರೋಕಿನ ಕಾಲ ಮುಗಿಯುವ ಸೂಚನೆ ಕಾಣುತ್ತಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅದರ ನಂತರ ಎಷ್ಟೋ ದಿನ ಕೆಆರ್‌ಎಸ್ ರಸ್ತೆಯಲ್ಲಿ ಯೆಜ್ಡಿ ಶಬ್ದ ಕೇಳಿದರೆ ಅಪ್ಪ ತಲೆ ಎತ್ತುತ್ತಿದ್ದರು. ಹಳೆಯ ಗಾಡಿ ಎಂದು ಗೊತ್ತಾದ ಕೂಡಲೇ ತಗ್ಗಿಸುತ್ತಿದ್ದರು.

2018ರ ಹೊತ್ತಿಗೆ ಅಪ್ಪ ಇರಲಿಲ್ಲ. ಮಹೀಂದ್ರಾದವರ ಜೊತೆ ಸೇರಿದ ಕ್ಲಾಸಿಕ್ ಲೆಜೆಂಡ್ಸ್ ಜಾವಾವನ್ನು ಮರಳಿ ತರುತ್ತದೆ ಎಂಬ ಸುದ್ದಿ ಎರಡು ವರ್ಷದಿಂದ ಹರಿದಾಡುತ್ತಿತ್ತು. ರುಸ್ತುಂ ಇರಾನಿ ಅವರ ಮಗ ಬೊಮನ್ ಇರಾನಿ ಅದರಲ್ಲಿದ್ದಾರೆ ಎಂದು ತಿಳಿದಾಗ ಮೈಸೂರಿನ ಮುದುಕರೆಲ್ಲ ಮತ್ತೆ ಹುಡುಗರಾದರು. ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ? ಮಹೀಂದ್ರಾದ ಮೋಜೊ ಗಾಡಿಯ ಎಂಜಿನ್ನೇ ಬರುತ್ತದೋ? ಸೈಲೆನ್ಸರು ಒಂದೋ ಎರಡೋ? ಗಾಡಿಯ ಮುಖ ತೋರಿಸುವ ಮೊದಲು, ಅಕ್ಟೋಬರಿನಲ್ಲಿ, ಕಂಪನಿ ಎಂಜಿನ್ನನ್ನೇ ಹೊರಹಾಕಿತು: 293 ಸಿಸಿ, ಒಂದು ಸಿಲಿಂಡರು, ನೀರಿನಿಂದ ತಣಿಯುವುದು. ಆ ಕ್ರಮ ನನಗೆ ತುಂಬ ಸರಿ ಅನ್ನಿಸಿತು. ಮದುವೆಗೆ ಮೊದಲು ಕುಲ ಕೇಳುವ ಹಾಗೆ ನಾವು ಸಿಸಿ ಕೇಳುವವರು ಎಂದು ಅವರಿಗೆ ಗೊತ್ತಿತ್ತು. ನವೆಂಬರ್ 14ರಂದು ರಾಯಲ್ ಎನ್‌ಫೀಲ್ಡಿನ 650 ಟ್ವಿನ್‌ಗಳು, ಮರುದಿನ 15ಕ್ಕೆ ಜಾವಾ. ಎರಡು ಸೈಲೆನ್ಸರು ಇದ್ದವು. ಪೆರಕ್ ಎಂಬ ಹೆಸರೂ 334 ಸಿಸಿಯ ಗಾಡಿಯಾಗಿ ಎದ್ದು ಬಂತು. ತಯಾರಾಗುವುದು ಮಾತ್ರ ಮಧ್ಯಪ್ರದೇಶದ ಪೀತಂಪುರದಲ್ಲಿ. ಆ ಒಂದು ಸಾಲು ಓದಿ ನಾನು ಸ್ವಲ್ಪ ಹೊತ್ತು ಪೇಪರು ಕೆಳಗಿಟ್ಟೆ.

2022ರ ಜನವರಿಯಲ್ಲಿ ಯೆಜ್ಡಿಯೂ ಬಂತು, ಮೂರು ಗಾಡಿ, ಮೂರಕ್ಕೂ 334. ಎರಡು ವರ್ಷದ ಮೇಲೆ ಜಾವಾ 350 ಬಂತು. ಹೆಸರು 350, ಒಳಗೆ 334. ಅಪ್ಪನ ಕಾಲದಲ್ಲಿ ಏಳು ಸಿಸಿ ಸಾಲ, ಈಗ ಹದಿನಾರು. ಹುಡುಗರು ಈಗಲೂ 400 ಬರುತ್ತೆ, 500 ಬರುತ್ತೆ ಎನ್ನುತ್ತಾರೆ. ನಾನು ಅವರಿಗೆ ಗೋಡೆಯನ್ನು ತೋರಿಸುತ್ತೇನೆ. 2017ರ ಜಿಎಸ್‌ಟಿಯಲ್ಲಿ 350 ಸಿಸಿ ದಾಟಿದ ಗಾಡಿಗೆ 28ರ ಮೇಲೆ ಶೇ. 3 ಸೆಸ್ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಆ ಗೋಡೆ ಇನ್ನೂ ಎತ್ತರವಾಯಿತು: 350ರವರೆಗೆ ಶೇ. 18, ದಾಟಿದರೆ 40. ಥರ್ಡ್ ಪಾರ್ಟಿ ಇನ್ಶೂರೆನ್ಸಿನ ದರವೂ ಅದೇ 350ಕ್ಕೆ ಮೆಟ್ಟಿಲು ಏರುತ್ತದೆ. 334, 349, ಈ ಅಂಕಿಗಳೆಲ್ಲ ಆ ಗೋಡೆಗೆ ಬೆನ್ನು ಕೊಟ್ಟು ನಿಂತಿವೆ. ಹೊಸ ಗಾಡಿ ಎಷ್ಟು ಸಿಸಿ ಎಂದು ಅಂದಾಜು ಮಾಡುವವನು ಮೊದಲು ತೆರಿಗೆ ಪಟ್ಟಿ ಓದಬೇಕು, ಆಮೇಲೆ ಎಂಜಿನ್ ಕೇಳಬೇಕು ಎಂದು ನಾನು ಹೇಳಿದರೆ ಹುಡುಗರ ಮುಖ ಬಾಡುತ್ತದೆ. ಆದರೂ ಹೇಳುತ್ತೇನೆ. 1985ರಲ್ಲಿ ನಮಗೆ ಇದನ್ನು ಹೇಳಿಕೊಡುವವರು ಇರಲಿಲ್ಲ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಹೋದ ಸಲ ಸೇರಿದ್ದಾಗ ಎಂಜಿನಿಯರಿಂಗ್ ಓದುವ ಒಬ್ಬ ಹುಡುಗಿ ತಾತನ ರೋಡ್‌ಕಿಂಗ್ ತಂದಿದ್ದಳು. ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು: ಕಪ್ಪು ಬಿಳಿ ಪಟ್ಟೆಯ ಸ್ಟಿಕ್ಕರು ಮೆತ್ತಿದ, ಟೆಸ್ಟಿಗೆ ಬಿಟ್ಟ ಯಾವುದೋ ಗಾಡಿ.

‘ಅಂಕಲ್, ಇದು ಎಷ್ಟು ಸಿಸಿ ಇರ್ಬಹುದು?’

‘ಚಿತ್ರ ಬೇಡಮ್ಮಾ, ವಿಡಿಯೊ ಇದ್ರೆ ಹಾಕು.’

ಹಾಕಿದಳು. ಹನ್ನೊಂದು ಸೆಕೆಂಡು. ಸುತ್ತ ಎಲ್ಲ ಗಾಡಿಗಳೂ ಗುಡುಗುತ್ತಿದ್ದವು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕಿವಿ ಮುಚ್ಚಿ, ‘ಸುಮ್ನಿರಿ, ಸುಮ್ನಿರಿ’ ಎಂದೆ.